ಶಂಬೂಕನ ತಲೆ ತೆಗೆದದ್ದು ತಪಸ್ಸು ಮಾಡಿದ್ದಕ್ಕೇ ಕಣ್ರಪ್ಪ



ಹೋದ ವಾರ ಡಿಸಿ ಆಫೀಸಿನ ಮುಂದೆ ಸ್ಮಶಾನದ ಜಾಗಕ್ಕಾಗಿ ನಮ್ಮ ಧರಣಿ ಇತ್ತಲ್ಲ, ಅವತ್ತು ಮಧ್ಯಾಹ್ನ ಶಾಮಿಯಾನದ ಹಿಂದುಗಡೆ, ನೀರಿನ ಕ್ಯಾನ್ ಇಟ್ಟಿದ್ದ ಮೂಲೇಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ನಾನು ಹತ್ತು ಹನ್ನೆರಡು ನಿಮಿಷ ಕಣ್ಣು ಮುಚ್ಚಿ ಕೂತಿದ್ದೆ. ನಮ್ಮ ಹುಡುಗನೇ ಒಬ್ಬ ಅದನ್ನ ಫೋಟೊ ಹೊಡೆದು ಗ್ರೂಪಿಗೆ ಹಾಕ್ದ. "ಅಕ್ಕ ಮಾತಾಜಿ ಆಗ್ಬಿಟ್ರು, ಎಲ್ಲಾರೂ ಪಾದಪೂಜೆಗೆ ಬನ್ನಿ" ಅಂತ ಕೆಳಗೆ ಬರೆದಿದ್ದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಲ್ಲಿಗೇ ಮುಗಿದಿದ್ರೆ ಈ ಪೋಸ್ಟ್ ಬೇಕಿರಲಿಲ್ಲ. ಆಮೇಲೆ ನಮ್ಮ ಹಿರಿಯರೊಬ್ಬರು ಗಂಭೀರವಾಗಿ ಬರೆದರು. ಹೋರಾಟಗಾರರು ಧ್ಯಾನಕ್ಕೆ ಕೂತರೆ ಚಳವಳಿ ಸತ್ತ ಹಾಗೆ, ಇದು ಹೊಟ್ಟೆ ತುಂಬಿದ ಮೇಲ್ಜಾತಿಯವರ ಆಟ, ನಮಗೆ ಬೇಕಿರೋದು ಸಿಟ್ಟೇ ಹೊರತು ಶಾಂತಿಯಲ್ಲ ಅಂತ.

ಆ ಅಣ್ಣನ ಮೇಲೆ ನನಗೆ ಗೌರವ ಇದೆ. ಮೈಕ್ ಹಿಡಿದು ಮಾತಾಡೋದನ್ನ ನನಗೆ ಕಲಿಸಿದವರೇ ಅವರು. ಆದರೂ ಉತ್ತರ ಇಲ್ಲೇ ಎಲ್ಲರ ಮುಂದೆ ಕೊಡ್ತಿದ್ದೀನಿ. ಯಾಕಂದ್ರೆ ಇದೇ ಮಾತು ನಂಬಿಕೊಂಡು, ತಮಗಾಗ್ತಿರೋದನ್ನ ಯಾರಿಗೂ ಹೇಳಲಾಗದೆ ಒಳಗೊಳಗೇ ಬೇಯ್ತಿರೋ ಹುಡುಗ ಹುಡುಗೀರ ಮೆಸೇಜು ನನ್ನ ಇನ್‌ಬಾಕ್ಸಲ್ಲಿ ತುಂಬ್ಕೊಂಡಿವೆ.

ಮೊದಲು ನನ್ನ ವಿಷಯ ಹೇಳಿಬಿಡ್ತೀನಿ. ಇಷ್ಟು ವರ್ಷ ಹೇಳಿರಲಿಲ್ಲ. ನನಗೆ ಆತಂಕದ ಕಾಯಿಲೆ ಇದೆ.

ಆರು ವರ್ಷದ ಹಿಂದೆ ಒಂದು ಅಟ್ರಾಸಿಟಿ ಕೇಸಲ್ಲಿ ನಾನು ಸಾಕ್ಷಿ. ಡೇಟ್ ಇತ್ತು, ಬಸ್ ಸ್ಟ್ಯಾಂಡಲ್ಲಿ ನಿಂತಿದ್ದೆ. ಇದ್ದಕ್ಕಿದ್ದ ಹಾಗೆ ಎದೆ ಢವಢವ ಅಂತ ಹೊಡ್ಕೊಳ್ಳೋಕೆ ಶುರುವಾಯ್ತು. ಅಂಗೈ ಬೆವರು, ತುಟಿ ಬೆರಳೆಲ್ಲ ಜುಮ್ ಜುಮ್, ಉಸಿರು ಗಂಟಲಲ್ಲೇ ನಿಂತ ಹಾಗೆ. ಸತ್ತೇ ಹೋದೆ ಅಂದ್ಕೊಂಡೆ. ಯಾರೋ ಆಟೋದವರು ಆಸ್ಪತ್ರೆಗೆ ಹಾಕಿದರು. ಇಸಿಜಿ ಮಾಡಿ "ಏನಿಲ್ಲಮ್ಮ, ಗ್ಯಾಸು" ಅಂತ ಕಳಿಸಿದರು. ಎರಡು ತಿಂಗಳಲ್ಲಿ ಮೂರು ಸಲ ಹೀಗೇ ಆಯ್ತು, ಮೂರು ಸಲಾನೂ ಗ್ಯಾಸು. ನಾಲ್ಕನೇ ಸಲ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರು ಪಕ್ಕದಲ್ಲಿ ಕೂತು "ಅಕ್ಕ, ನಿದ್ದೆ ಬರುತ್ತಾ?" ಅಂತ ಕೇಳಿದರು. ನಾನು ಅತ್ತುಬಿಟ್ಟೆ. ಅವರು ಮಾನಸಿಕ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು. ಆ ಚೀಟಿನ ಆಸ್ಪತ್ರೆ ಗೇಟಿನ ಹತ್ತಿರಾನೇ ಹರಿದು ಹಾಕಿದೆ. ಇಡೀ ತಾಲ್ಲೂಕಲ್ಲಿ ತಮಟೆ ಹೊಡೆದು ಘೋಷಣೆ ಕೂಗಿದವಳಿಗೆ ಮಾನಸಿಕ ಚೀಟಿನಾ ಅನ್ನೋ ಅವಮಾನ.

ನಮ್ಮವ್ವ ಇದಕ್ಕೆ "ದಿಗ್ಲು ಹೊಡ್ದದೆ" ಅಂದಳು. ತಾಯತ ಕಟ್ಟಿಸಿದಳು. ಅವಳನ್ನ ನೋಡಿ ನಗಬೇಡಿ. ಇದು ಹೃದಯದ ಕಾಯಿಲೆ ಅಲ್ಲ, ಹೆದರಿಕೆಯದ್ದು ಅಂತ ಮೂರು ಸಲ ಇಸಿಜಿ ಮಾಡಿದವರಿಗೆ ಹೊಳೆಯದೇ ಇದ್ದದ್ದು ಅವಳಿಗೆ ಹೊಳೆದಿತ್ತು.

ಈ ಹೆದರಿಕೆ ಎಲ್ಲಿಂದ ಬಂತು? "ಎಲ್ಲಾ ನಿಮ್ಮ ಮನಸ್ಸಿನಲ್ಲಿದೆ" ಅನ್ನೋರಿಗೆ ಇದನ್ನ ಬಿಡಿಸಿ ಹೇಳಬೇಕು. ಪರಿಚಯವಾದ ಎರಡನೇ ನಿಮಿಷಕ್ಕೆ "ಯಾವೂರು? ಊರೊಳಗಾ, ಆಚೆನಾ? ಮನೆದೇವ್ರು ಯಾವ್ದು?" ಅಂತ ಕೇಳ್ತಾರಲ್ಲ, ಆಗ ನಮ್ಮ ಹೊಟ್ಟೇಲಿ ಏನೋ ಬಿಗಿಯುತ್ತೆ. ಬಾಡಿಗೆ ಮನೆ ನೋಡೋಕೆ ಹೋದಾಗ "ವೆಜ್ಜಾ, ನಾನ್‌ವೆಜ್ಜಾ?" ಅಂದರೆ ಬಿಗಿಯುತ್ತೆ. ಕ್ಲಾಸಲ್ಲಿ ಸ್ಕಾಲರ್‌ಷಿಪ್ ಲಿಸ್ಟ್ ಜೋರಾಗಿ ಓದುವಾಗ, ಆಫೀಸಲ್ಲಿ ಪ್ರಮೋಷನ್ ಮಾತು ಬಂದಾಗ, ಊರ ಹಬ್ಬದ ಹಿಂದಿನ ರಾತ್ರಿ, ಪ್ರೀತಿಸಿದ ಹುಡುಗನ ಮನೆಯಿಂದ ಫೋನ್ ಬಂದಾಗ. ಇದು ಸುಮ್ಮನೆ ಭ್ರಮೆ ಅಲ್ಲ. ಅಪಾಯ ಬಂದಾಗ ಎಚ್ಚರವಾಗೋದು ಎಲ್ಲ ದೇಹದ ಗುಣ. ನಮ್ಮ ದೇಹಕ್ಕೆ ಮಲಗೋಕೇ ಬಿಡಲಿಲ್ಲ, ಅಷ್ಟೇ.

ಕೊಪ್ಪಳ ಜಿಲ್ಲೆಯ ಮರಕುಂಬಿ ನೆನಪು ಮಾಡ್ಕೊಳ್ಳಿ. 2014ರ ಆಗಸ್ಟಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. ತೀರ್ಪು ಬಂದದ್ದು 2024ರ ಅಕ್ಟೋಬರಲ್ಲಿ. 101 ಮಂದಿ ದೋಷಿಗಳು, 98 ಮಂದಿಗೆ ಜೀವಾವಧಿ. ಎಲ್ಲ ಪತ್ರಿಕೆಗಳೂ ಐತಿಹಾಸಿಕ ತೀರ್ಪು ಅಂತ ಬರೆದವು, ಹೌದು, ಐತಿಹಾಸಿಕವೇ. ಆದರೆ ನಡುವಿನ ಆ ಹತ್ತು ವರ್ಷ ಸಾಕ್ಷಿ ಹೇಳಬೇಕಾದವರು ರಾತ್ರಿ ಹೇಗೆ ಮಲಗಿದ್ರು ಅಂತ ಯಾರಾದ್ರೂ ಬರೆದ್ರಾ? ಎದುರಾಳಿ ಮನೆ ಮುಂದೇನೇ ಹಾದು ಬಾವಿಗೆ, ಹೊಲಕ್ಕೆ, ಅಂಗಡಿಗೆ ಹೋಗಬೇಕಾದ ಸಾಕ್ಷಿಯ ಎದೆಬಡಿತ ಹೇಗಿರುತ್ತೆ ಅಂತ ನನಗೆ ಗೊತ್ತು.

ಈಗ ಜಗಳಕ್ಕೆ ಬರ್ತೀನಿ. ನನ್ನ ಜಗಳ ಇಬ್ಬರ ಜೊತೆ.

ಮೊದಲನೆಯವರು ಧ್ಯಾನ ಮಾರೋರು. ಬಿಳಿ ಬಟ್ಟೆ, ಮೆತ್ತನೆ ಮ್ಯೂಸಿಕ್ಕು, ದಿನಕ್ಕಿಷ್ಟು ಸಾವಿರ ಅಂತ ಫೀಸು. ಅವರ ಪ್ರಕಾರ ದುಃಖಕ್ಕೆ ಕಾರಣ ನಮ್ಮ ಯೋಚನೆ, ಪರಿಹಾರ ಒಪ್ಪಿಕೊಳ್ಳೋದು. ಏನನ್ನ ಒಪ್ಪಿಕೊಳ್ಳಬೇಕು ಸ್ವಾಮಿ? ಬೇರೆ ಲೋಟದಲ್ಲಿ ಕೊಟ್ಟ ಟೀನಾ? ಒಂದು ಊರಲ್ಲಿ ಪೌರಕಾರ್ಮಿಕರಿಗೆ "ಒತ್ತಡ ನಿರ್ವಹಣೆ ಶಿಬಿರ" ಅಂತ ಮಾಡಿದ್ರು. ನಾನು ಹೋಗಿದ್ದೆ. ಮೂರು ತಿಂಗಳ ಸಂಬಳ ಬಾಕಿ ಇರೋ ಹೆಂಗಸರನ್ನ ಜಮಖಾನದ ಮೇಲೆ ಕೂರಿಸಿ "ನಗುಮುಖ ಮಾಡಿ, ಕೃತಜ್ಞತೆ ತಂದುಕೊಳ್ಳಿ" ಅಂತ ಹೇಳಿಕೊಡ್ತಿದ್ರು. ಹಿಂದಿನ ಸಾಲಲ್ಲಿದ್ದ ಒಬ್ಬ ಅವ್ವ ನನ್ನ ಕಿವೀಲಿ "ಗ್ಲೌಸ್ ಕೊಟ್ರೆ ನಗ್ತೀನಿ ಕಣವ್ವ" ಅಂದಳು. ಸಂಬಳ ಕೊಡೋ ಕಡೆ ಸಂಬಳ ಕೊಡಬೇಕು. ಅಲ್ಲಿ ಧ್ಯಾನ ಕೊಡೋದು ಮೋಸ. ಇಷ್ಟರಮಟ್ಟಿಗೆ ನಮ್ಮ ಹಿರಿಯಣ್ಣ ಹೇಳೋದು ನೂರಕ್ಕೆ ನೂರು ಸರಿ.

ಎರಡನೆಯವರು ನಮ್ಮವರೇ. ಮಾರೋರ ಮೇಲಿನ ಸಿಟ್ಟಿಗೆ ವಸ್ತುವನ್ನೇ ಬಿಸಾಕೋರು. "ಧ್ಯಾನ ಅವರದ್ದು" ಅನ್ನೋರು.

ಅಣ್ಣ, ಯಾರದ್ದು? ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಶಂಬೂಕನ ತಲೆ ಯಾಕೆ ಹೋಯ್ತು? ದನ ಕದ್ದಿದ್ದಕ್ಕಾ? ಶೂದ್ರ ತಪಸ್ಸು ಮಾಡಿದ ಅನ್ನೋದೇ ಅಪರಾಧ. ಕುವೆಂಪು ಅವರಿಗೆ ಇದು ಎಷ್ಟು ಚುಚ್ಚಿತು ಅಂದರೆ 1944ರಲ್ಲಿ "ಶೂದ್ರ ತಪಸ್ವಿ" ಬರೆದು, ಶಂಬೂಕನ ತಲೆ ಉಳಿಸಿ, ಬಾಣವನ್ನ ದೂರು ತಂದ ಬ್ರಾಹ್ಮಣನ ಕಡೆಗೇ ತಿರುಗಿಸಿದರು. ನಮ್ಮವನು ತನ್ನ ಮನಸ್ಸನ್ನ ತಾನು ನೋಡಿಕೊಳ್ಳೋದು ಅಷ್ಟು ಅಪಾಯ ಅಂತ ಅವರಿಗೆ ಅವತ್ತೇ ಗೊತ್ತಿತ್ತು. ಅಕ್ಷರ ಬೇಡ ಅಂದರು, ನಾವು ಅಕ್ಷರ ಕಿತ್ಕೊಂಡ್ವಿ. ಕೆರೆ ನೀರು ಬೇಡ ಅಂದರು, ಬಾಬಾಸಾಹೇಬರು ಮಹಾಡಿಗೆ ಹೋಗಿ 1927ರಲ್ಲಿ ನೀರು ಮುಟ್ಟಿದರು. ತಪಸ್ಸು ಬೇಡ ಅಂದದ್ದನ್ನ ಮಾತ್ರ ನಾವು "ಹೌದು, ಅದು ನಿಮ್ಮದೇ, ಇಟ್ಕೊಳ್ಳಿ" ಅಂತ ವಾಪಸ್ ಕೊಡೋದಾ?

ಇನ್ನೊಬ್ಬನ ಕತೆ ಕೇಳಿ. ರಾಜಗೃಹದ ಬೀದಿ ಗುಡಿಸ್ತಿದ್ದ ಸುನೀತ. ಬುದ್ಧ ಎದುರಿಗೆ ಬಂದಾಗ ಮುಟ್ಟಿಸಿಕೊಂಡರೆ ತಪ್ಪಾಗುತ್ತೆ ಅಂತ ಗೋಡೆಗೆ ಅಂಟಿಕೊಂಡು ನಿಂತವನು. ಅವನ ಎದೆ ಆಗ ಹೇಗೆ ಹೊಡ್ಕೊಂಡಿರಬೇಕು! ಬುದ್ಧ ಅವನನ್ನ ಕರೆದು ಸಂಘಕ್ಕೆ ಸೇರಿಸಿಕೊಂಡ. ಆಮೇಲೆ ಅದೇ ಸುನೀತ ಕಾಡಲ್ಲಿ ಒಬ್ಬನೇ ಧ್ಯಾನಕ್ಕೆ ಕೂತ, ಯಾರಿಗೂ ಗೋಡೆಗೆ ಅಂಟಿಕೊಳ್ಳಬೇಕಿಲ್ಲದ ಮನುಷ್ಯನಾದ. ಈ ಸುನೀತನನ್ನ, ಕ್ಷೌರಿಕ ಉಪಾಲಿಯನ್ನ ಬಾಬಾಸಾಹೇಬರು ತಮ್ಮ "ಬುದ್ಧ ಮತ್ತು ಅವನ ಧಮ್ಮ"ದಲ್ಲಿ ಬೇಕಂತಲೇ ಬರೆದರು. ಆ ಪುಸ್ತಕ ಅವರು ತೀರಿಕೊಂಡ ಮೇಲೆ 1957ರಲ್ಲಿ ಬಂತು.

"ಬಾಬಾಸಾಹೇಬರು ಧ್ಯಾನದ ವಿರುದ್ಧ ಇದ್ರು" ಅಂತಾನೂ ಒಬ್ಬರು ಬರೆದಿದ್ದರು. ಪೂರ್ತಿ ಓದಿ ಸ್ವಾಮಿ. ಭಿಕ್ಕು ತನ್ನ ಪಾಡಿಗೆ ಪರಿಪೂರ್ಣನಾಗಿ ಕೂತರೆ ಜನರಿಗೇನು ಬಂತು, ಅವನು ಸಮಾಜದ ಸೇವಕ ಆಗಬೇಕು ಅಂತ ಅವರು ಕೇಳಿದ್ದು ನಿಜ. ಆದರೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನಕ್ಕೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಅಷ್ಟಾಂಗ ಮಾರ್ಗ ಇದೆ. ಆ ಎಂಟರಲ್ಲಿ ಸಮ್ಯಕ್ ಸ್ಮೃತಿ, ಸಮ್ಯಕ್ ಸಮಾಧಿ ಎರಡೂ ಇವೆ. ಬರೀ ಸಮಾಧಿ ಸಾಲದು, ಅದು ಮನಸ್ಸನ್ನ ಸ್ವಲ್ಪ ಹೊತ್ತು ತಡೆದು ನಿಲ್ಲಿಸುತ್ತೆ ಅಷ್ಟೇ, ಒಳ್ಳೇದರ ಕಡೆಗೆ ಮನಸ್ಸನ್ನ ಶಾಶ್ವತವಾಗಿ ತಿರುಗಿಸೋದೇ ಸಮ್ಯಕ್ ಸಮಾಧಿ ಅನ್ನೋದು ಅವರ ವಿವರಣೆ. ಅಂದರೆ ಕೂತು ಎದ್ದ ಮೇಲೆ ಏನು ಮಾಡ್ತೀಯ ಅನ್ನೋದು ಅವರ ಪ್ರಶ್ನೆ. ಕೂರಲೇಬೇಡ ಅಂತ ಅವರು ಹೇಳಲಿಲ್ಲ.

ಸರಿ, ಕೂತರೆ ಏನಾಗುತ್ತೆ? ನನಗಾದದ್ದು ಹೇಳ್ತೀನಿ, ಮ್ಯಾಜಿಕ್ ಏನಿಲ್ಲ.

ಹರಿದು ಹಾಕಿದ ಚೀಟಿನ ಮೂರು ತಿಂಗಳಾದ ಮೇಲೆ ಮತ್ತೆ ಬರೆಸಿಕೊಂಡೆ. ಮಾತ್ರೆ ಶುರುವಾಯ್ತು. ಜೊತೆಗೆ ನಮ್ಮ ಕಡೆಯ ವಿಹಾರದ ಭಂತೇಜಿಯೊಬ್ಬರು ಆನಾಪಾನ ಹೇಳಿಕೊಟ್ಟರು. ಉಸಿರು ಒಳಗೆ ಹೋಗ್ತಿದೆ ಅಂತ ಗೊತ್ತಾಗೋದು, ಹೊರಗೆ ಬರ್ತಿದೆ ಅಂತ ಗೊತ್ತಾಗೋದು. ಅಷ್ಟೇ. ಮಂತ್ರ ಇಲ್ಲ, ದೇವರಿಲ್ಲ, ದಕ್ಷಿಣೆ ಇಲ್ಲ. ಮನಸ್ಸು ಖಾಲಿ ಆಗಬೇಕು ಅಂತಾನೂ ಇಲ್ಲ. ನನ್ನ ಮನಸ್ಸು ಒಂದು ದಿನಾನೂ ಖಾಲಿ ಆಗಿಲ್ಲ. ಕೂತ ಅರ್ಧ ನಿಮಿಷಕ್ಕೆ ಕೋರ್ಟ್ ಹಾಲಿಗೆ ಹೋಗುತ್ತೆ, ಅವರ ಲಾಯರು ಏನು ಕೇಳಬಹುದು ಅಂತ ಲೆಕ್ಕ ಹಾಕುತ್ತೆ, ಮಗಳ ಫೀಸಿಗೆ ಹೋಗುತ್ತೆ. ಹೋಗಿದೆ ಅಂತ ಗೊತ್ತಾದ ತಕ್ಷಣ ಬೈಯದೆ ಮತ್ತೆ ಮೂಗಿನ ತುದಿಗೆ ಕರ್ಕೊಂಡು ಬರೋದು. ಹನ್ನೆರಡು ನಿಮಿಷದಲ್ಲಿ ನಲವತ್ತು ಸಲ ಹೋದರೆ ನಲವತ್ತು ಸಲ ಕರ್ಕೊಂಡು ಬರೋದು. ಆ ಕರ್ಕೊಂಡು ಬರೋದೇ ಅಭ್ಯಾಸ.

ಇದರಿಂದ ಆತಂಕಕ್ಕೆ ಏನಾಗುತ್ತೆ? ಉಸಿರು ಎಳ್ಕೊಂಡಾಗ ಗುಂಡಿಗೆ ಸ್ವಲ್ಪ ಜೋರಾಗಿ ಹೊಡ್ಕೊಳ್ಳುತ್ತೆ, ಬಿಟ್ಟಾಗ ನಿಧಾನ ಆಗುತ್ತೆ. ಇದು ಎಲ್ಲರ ದೇಹದ ಲೆಕ್ಕ. ಗಾಬರೀಲಿ ನಾವು ಮೇಲಿಂದ ಮೇಲೆ ಉಸಿರು ಎಳೀತೀವಿ, ಅದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿಯಾಗಿ ತುಟಿ, ಬೆರಳು ಜುಮ್ ಅನ್ನುತ್ತೆ, ಅದನ್ನ ನೋಡಿ "ಹಾರ್ಟ್ ಅಟ್ಯಾಕೇ ಇದು" ಅಂತ ಇನ್ನೂ ಗಾಬರಿ, ಇನ್ನೂ ಉಸಿರು. ಬಸ್ ಸ್ಟ್ಯಾಂಡಲ್ಲಿ ನನಗಾದದ್ದು ಇದೇ ಸುತ್ತು. ಉಸಿರನ್ನ ನೋಡಿ ಅಭ್ಯಾಸ ಇದ್ದವರಿಗೆ ಈ ಸುತ್ತು ಶುರುವಾಗೋದು ಕಾಣುತ್ತೆ, ನಿಧಾನಕ್ಕೆ ಉದ್ದವಾಗಿ ಉಸಿರು ಬಿಟ್ಟು ನಡುವೆ ಇಳೀಬಹುದು.

ಬುದ್ಧ ಇದಕ್ಕೆ ಎರಡು ಬಾಣದ ಹೋಲಿಕೆ ಕೊಟ್ಟ. ಒಂದು ಬಾಣ ಬಂದು ಚುಚ್ಚುತ್ತೆ. ಆ ನೋವಿಗೆ ಹೆದರಿ, ಗೋಳಾಡಿ, ನಮಗೆ ನಾವೇ ಎರಡನೇದು ಚುಚ್ಕೊಳ್ತೀವಿ. ಧ್ಯಾನ ಮಾರೋರು ಎರಡನೇ ಬಾಣದ ಬಗ್ಗೆ ಮಾತ್ರ ಮಾತಾಡ್ತಾರೆ, ಮೊದಲನೇದನ್ನ ಬಿಟ್ಟವನು ಯಾರು ಅಂತ ಕೇಳೋದಿಲ್ಲ. ನಮ್ಮವರು ಮೊದಲನೇದರ ಬಗ್ಗೆ ಮಾತ್ರ ಮಾತಾಡ್ತಾರೆ, ಎರಡನೇದು ಒಳಗೆ ಕೀವಾಗ್ತಿದ್ರೂ ನೋಡೋದಿಲ್ಲ. ಮೊದಲ ಬಾಣಕ್ಕೆ ಎಫ್‌ಐಆರ್, ಕೋರ್ಟು, ಬೀದಿ. ಎರಡನೇದಕ್ಕೆ ನನ್ನ ಹನ್ನೆರಡು ನಿಮಿಷ. ಎರಡೂ ಬೇಕು ಅಂದರೆ ಚಳವಳಿಗೆ ದ್ರೋಹ ಹೇಗಾಗುತ್ತೆ?

"ಇದಕ್ಕೆ ಪುರಾವೆ ಏನು?" ಅಂತ ಕೇಳಿ, ಕೇಳಲೇಬೇಕು. 2014ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 47 ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದ ವರದಿ ಬಂತು. ಧ್ಯಾನದಿಂದ ಆತಂಕ ತಗ್ಗುತ್ತೆ ಅನ್ನೋದಕ್ಕೆ ಮಧ್ಯಮ ಮಟ್ಟದ ಪುರಾವೆ ಇದೆ ಅಂದರು. 2022ರಲ್ಲಿ ಇನ್ನೊಂದು. ಆತಂಕದ ಕಾಯಿಲೆ ಇದ್ದ 276 ಜನರಲ್ಲಿ ಅರ್ಧ ಜನಕ್ಕೆ ಎಸಿಟಾಲೊಪ್ರಾಮ್ ಮಾತ್ರೆ, ಇನ್ನರ್ಧ ಜನಕ್ಕೆ ಎಂಟು ವಾರದ ಧ್ಯಾನದ ತರಬೇತಿ. ಕೊನೆಗೆ ಧ್ಯಾನದವರ ಸುಧಾರಣೆ ಮಾತ್ರೆಯವರಿಗಿಂತ ಕಮ್ಮಿ ಇರಲಿಲ್ಲ. ಇದನ್ನ ಹಿಡ್ಕೊಂಡು ನಾಳೆ ಬೆಳಿಗ್ಗೆ ಮಾತ್ರೆ ಬಿಸಾಕಬೇಡಿ! ಅವರಿಗೆ ವಾರಕ್ಕೆ ಎರಡೂವರೆ ಗಂಟೆ ಕ್ಲಾಸು, ಪಳಗಿದ ಟೀಚರು, ಮನೇಲಿ ದಿನಾ ಮುಕ್ಕಾಲು ಗಂಟೆ ಅಭ್ಯಾಸ ಇತ್ತು. ಗಾರ್ಮೆಂಟ್ಸಿಗೆ ಏಳು ಗಂಟೆ ಬಸ್ ಹಿಡಿಯೋ ನನ್ನ ತಂಗೀರಿಗೆ ಆ ಮುಕ್ಕಾಲು ಗಂಟೆ ಯಾರು ಕೊಡ್ತಾರೆ? ವಿಪಶ್ಯನದ ಹತ್ತು ದಿನದ ಶಿಬಿರಕ್ಕೆ ಫೀಸ್ ಇಲ್ಲ, ದಾನದಲ್ಲಿ ನಡೆಯುತ್ತೆ, ಅದು ಒಳ್ಳೇದೇ. ಆದರೆ ಹತ್ತು ದಿನದ ಕೂಲಿ? ವಿಶ್ರಾಂತಿಯಲ್ಲೂ ಜಾತಿ, ವರ್ಗ ಇದೆ, ಅದನ್ನ ಮರೆತು ಧ್ಯಾನದ ಬಗ್ಗೆ ಮಾತಾಡೋಕಾಗಲ್ಲ.

ಇನ್ನೊಂದು ಎಚ್ಚರಿಕೆ, ಇದನ್ನ ಯಾವ ಗುರುವೂ ನಿಮಗೆ ಹೇಳಲ್ಲ. ಧ್ಯಾನ ಎಲ್ಲರಿಗೂ ಆಗಿಬರಲ್ಲ. ದೌರ್ಜನ್ಯಕ್ಕೆ ಒಳಗಾದ ನಮ್ಮ ಒಬ್ಬ ತಂಗಿ ಕಣ್ಣು ಮುಚ್ಚಿದ ತಕ್ಷಣ ಆ ದಿನವೇ ಕಣ್ಣ ಮುಂದೆ ಬಂದು ನಡುಗೋಕೆ ಶುರು ಮಾಡಿದಳು. "ಸಹಿಸ್ಕೋ, ಕೂತ್ಕೋ" ಅನ್ನೋದು ಅಲ್ಲಿ ಇನ್ನೊಂದು ದೌರ್ಜನ್ಯ. ಅವಳು ಕಣ್ಣು ಮುಚ್ಚಲಿಲ್ಲ. ಬರಿಗಾಲಲ್ಲಿ ಅಂಗಳದಲ್ಲಿ ಹತ್ತು ಹೆಜ್ಜೆ ಆಚೆ, ಹತ್ತು ಹೆಜ್ಜೆ ಈಚೆ ನಡೆದಳು, ನೆಲ ಪಾದಕ್ಕೆ ತಾಗೋದನ್ನ ಗಮನಿಸ್ತಾ. ಅದೂ ಧ್ಯಾನವೇ. ಅವಳಿಗೆ ಅದರ ಜೊತೆ ಆಪ್ತಸಮಾಲೋಚನೆ ಬೇಕಿತ್ತು, ಕೊಡಿಸಿದ್ವಿ. ಹಾಗಾಗಿ ಕೂತಾಗ ಹೆಚ್ಚಾದರೆ ಎದ್ದುಬಿಡಿ. ಮೊದಲೇ ಹತ್ತು ದಿನದ ಶಿಬಿರಕ್ಕೆ ಓಡಬೇಡಿ. ಐದು ನಿಮಿಷದಿಂದ ಶುರು ಮಾಡಿ. ಮಾತ್ರೆ ಕಮ್ಮಿ ಮಾಡೋದು, ಬಿಡೋದು ಡಾಕ್ಟರ ಹತ್ತಿರ ಮಾತಾಡಿಯೇ. ಬದುಕೋದೇ ಬೇಡ ಅನ್ನಿಸ್ತಿದ್ರೆ ಧ್ಯಾನಕ್ಕೆ ಕೂರಬೇಡಿ, ಫೋನ್ ಮಾಡಿ. 14416 ಟೆಲಿ ಮಾನಸ್, ಹಗಲು ರಾತ್ರಿ ಯಾವಾಗ ಬೇಕಾದ್ರೂ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಇನ್ನು ಸಿಟ್ಟಿನ ವಿಚಾರ. ಶಾಂತವಾದರೆ ಸಿಟ್ಟು ಹೋಗುತ್ತೆ ಅನ್ನೋ ಭಯ ಹಿರಿಯಣ್ಣನಿಗೆ. ನನಗೂ ಇತ್ತು. ಆರು ವರ್ಷದ ಅನುಭವ ಬೇರೇನೇ ಹೇಳುತ್ತೆ. ಬಸ್ ಸ್ಟ್ಯಾಂಡಲ್ಲಿ ಬಿದ್ದ ದಿನ ನನ್ನ ಸಿಟ್ಟೇನೂ ಕಮ್ಮಿ ಇರಲಿಲ್ಲ, ಆದರೆ ಅವತ್ತು ನಾನು ಕೋರ್ಟಿಗೇ ಹೋಗಲಿಲ್ಲ. ಡೇಟ್ ಮುಂದಕ್ಕೆ ಹೋಯ್ತು. ನಗ್ತಾ ಮನೆಗೆ ಹೋದವರು ಯಾರು? ಆರೋಪಿಗಳು. ಒಂದು ವರ್ಷ ಆದ ಮೇಲೆ ಕಟಕಟೆಯಲ್ಲಿ ನಿಂತಾಗ ಅವರ ಲಾಯರು ಎರಡು ಗಂಟೆ ತಿರುಗಿಸಿ ಮುರುಗಿಸಿ ಕೇಳಿದ. ಎದೆ ಅವತ್ತೂ ಹೊಡ್ಕೊಳ್ತು. ಎರಡೂ ಪಾದ ನೆಲಕ್ಕೆ ಒತ್ತಿ, ಪ್ರತಿ ಪ್ರಶ್ನೆಗೂ ಒಂದು ಉದ್ದನೆ ಉಸಿರು ಬಿಟ್ಟು, ನೋಡಿದ್ದನ್ನ ನೋಡಿದ ಹಾಗೇ ಹೇಳಿದೆ. ಒಂದು ಮಾತೂ ಹಿಂದಕ್ಕೆ ತಗೊಳ್ಳಲಿಲ್ಲ. ನಮ್ಮ ಕೇಸುಗಳು ಬಿದ್ದುಹೋಗೋದು ಸಾಕ್ಷಿಗಳು ಹೆದರಿ ಉಲ್ಟಾ ಹೊಡೆಯೋದರಿಂದ ಅಂತ ವೇದಿಕೆ ಮೇಲೆ ಭಾಷಣ ಮಾಡ್ತೀವಲ್ಲ, ಆ ಹೆದರಿಕೆಗೆ ಮದ್ದು ಹುಡುಕೋದು ಚಳವಳಿಯ ಕೆಲಸ ಅಲ್ವಾ ಅಣ್ಣ?

ಆದ್ದರಿಂದ ನಾನು ಕೇಳ್ತಿರೋದು ಇಷ್ಟು.

ಸರ್ಕಾರಕ್ಕೆ: ಅಟ್ರಾಸಿಟಿ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದು ಸಂತ್ರಸ್ತರ, ಸಾಕ್ಷಿಗಳ ಹಕ್ಕುಗಳ ಅಧ್ಯಾಯವನ್ನೇ ಸೇರಿಸಿದಿರಿ. ರಕ್ಷಣೆ, ಪ್ರಯಾಣ ವೆಚ್ಚ, ಪುನರ್ವಸತಿ ಎಲ್ಲ ಬರೆದಿದ್ದೀರಿ. ಅದರ ಜೊತೆಗೆ ಪ್ರತಿ ಸಂತ್ರಸ್ತ ಕುಟುಂಬಕ್ಕೆ, ಪ್ರತಿ ಸಾಕ್ಷಿಗೆ ಮೊದಲ ದಿನದಿಂದಲೇ ಮಾನಸಿಕ ಆರೋಗ್ಯದ ನೆರವು ಕೊಡಿ. ತಾಲ್ಲೂಕು ಆಸ್ಪತ್ರೇಲಿ ಮನೋವೈದ್ಯರು ಇರಲಿ. ಎಸ್‌ಸಿ ಎಸ್‌ಟಿ ಹಾಸ್ಟೆಲ್‌ಗಳಿಗೆ ಜಾತಿ ಅಂದರೆ ಏನು ಅಂತ ಗೊತ್ತಿರೋ ಆಪ್ತಸಮಾಲೋಚಕರನ್ನ ಹಾಕಿ. ರೋಹಿತ್ ವೇಮುಲ, ಪಾಯಲ್ ತಡ್ವಿ ಇವರ ಹೆಸರು ಹೇಳಿ ಮೇಣದಬತ್ತಿ ಹಚ್ಚಿ ನಮಗೆ ಸಾಕಾಗಿದೆ. ಆದರೆ ಜಾತಿ ಮಾಡೋರನ್ನ ಹಿಡಿಯದೆ ನಮ್ಮ ಮಕ್ಕಳಿಗೆ ಬರೀ ಧ್ಯಾನ ಹೇಳಿಕೊಡೋಕೆ ಬಂದರೆ ಗೇಟಲ್ಲೇ ತಡೀತೀವಿ.

ನಮ್ಮ ಸಂಘಟನೆಗಳಿಗೆ: ಸಭೆ ಶುರುವಾಗೋ ಮುಂಚೆ ಐದು ನಿಮಿಷ ಎಲ್ಲರೂ ಸುಮ್ಮನೆ ಉಸಿರು ನೋಡ್ಕೊಂಡು ಕೂರೋಣ. ಇಷ್ಟ ಇಲ್ಲದವರು ಕೂರಬೇಡಿ, ಬಲವಂತ ಇಲ್ಲ. ಕೇಸಿನ ಡೇಟ್ ಯಾವಾಗ ಅಂತ ಕೇಳೋ ನಾವು "ನಿದ್ದೆ ಬರ್ತಾ ಇದೆಯಾ? ಊಟ ಸೇರ್ತಾ ಇದೆಯಾ?" ಅಂತಾನೂ ಕೇಳೋಣ. ಮಾತ್ರೆ ತಗೊಳ್ಳೋ ಹುಡುಗನನ್ನ "ಪುಕ್ಕಲ" ಅನ್ನೋದು ನಿಲ್ಲಿಸೋಣ.

ಫೋಟೊ ಹೊಡೆದ ತಮ್ಮನಿಗೆ: ಮಗ, ನಿನ್ನ ಮೇಲೆ ಸಿಟ್ಟಿಲ್ಲ. ಫೋಟೊ ಚೆನ್ನಾಗೇ ಬಂದಿದೆ. ಆದರೆ ನೀನು ಹೊಡೆದ ಮೇಲೆ ಏನಾಯ್ತು ಅಂತ ಹಾಕ್ಲಿಲ್ಲ ನೋಡು. ಬೆಳಿಗ್ಗೆಯಿಂದ ನನ್ನ ಕೈ ನಡುಗ್ತಿತ್ತು. ಕೂತು ಎದ್ದ ಮೇಲೆ ಅದೇ ಕೈಯಲ್ಲಿ ಡಿಸಿ ಸಾಹೇಬರಿಗೆ ಮನವಿ ಪತ್ರ ಕೊಟ್ಟು, ಸರ್ವೆ ನಂಬರು ಸಮೇತ ಇಪ್ಪತ್ತು ನಿಮಿಷ ಮಾತಾಡಿದೆ. ಸರ್ವೆಗೆ ದಿನಾಂಕ ಬರೆಸಿಕೊಂಡೇ ಹೊರಗೆ ಬಂದೆ. ಹೋದ ತಿಂಗಳು ರಾತ್ರಿ ಎರಡು ಗಂಟೆಗೆ "ಅಕ್ಕ ಎದ್ದಿದ್ದೀರಾ?" ಅಂತ ನೀನು ಮೆಸೇಜ್ ಮಾಡಿ ಡಿಲೀಟ್ ಮಾಡಿದ್ದೂ ನನಗೆ ಗೊತ್ತು. ಮುಂದಿನ ಧರಣೀಲಿ ನನ್ನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿರ್ತೀನಿ. ಬಾ.

ನಮೋ ಬುದ್ಧಾಯ. ಜೈ ಭೀಮ್.